ಹನ್ನೆರಡು ಮನೆಯ ದೋಣಿಗೊಂದು ಮಳೆ ಹೊದಿಕೆ

(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಹೇಳಬೇಕೆಂದು ಹಿರಿಯರು ಅಪ್ಪಣೆ ಮಾಡಿದ್ದಾರೆ. ಸಹಕಾರದ ತತ್ವ, ಅದರ ಕಾಯ್ದೆ, ಲೆಕ್ಕಪತ್ರ ಇವುಗಳ ಮೇಲೆ ಅಧಿಕಾರದಿಂದ ಮಾತನಾಡುವವರು ಈ ವೇದಿಕೆಯ ಮೇಲೆ ಬೇಕಾದಷ್ಟು ಜನ ಇದ್ದಾರೆ. ಆದ್ದರಿಂದ ನಾವು ತತ್ವದ ಗೊಡವೆಗೆ ಹೋಗದೆ ಒಂದು ಸಣ್ಣ ಕೆಲಸದ ವಿಷಯ ಹೇಳುತ್ತೇವೆ. ಉದ್ಯೋಗದ ನಿಮಿತ್ತ ಇಂಗ್ಲೆಂಡಿನಲ್ಲಿದ್ದಾಗ ನಾವು ಹನ್ನೆರಡು ಮನೆಯವರು ಕೂಡಿ ಒಂದು ಕಾಲುವೆ ದೋಣಿ ಇಟ್ಟುಕೊಂಡಿದ್ದೆವು. ಆ ದೋಣಿಯ ಹಿಂಬದಿಗೆ ಮಳೆ, ಗಾಳಿ ತಡೆಯುವ ಒಂದು ಹೊದಿಕೆ ಹಾಕಿಸಿದೆವು. ಇಷ್ಟೇ ಸಂಗತಿ. "ಇದೇನ್ರೀ, ದೋಣಿಗೆ ತಾಡಪತ್ರಿ ಹೊದಿಸಿದ್ದೂ ಒಂದು ಭಾಷಣದ ವಿಷಯವೇ?" ಎಂದು ತಾವು ಕೇಳಬಹುದು. ಕೇಳಿಸಿಕೊಂಡ ಮೇಲೆ ತಾವೇ ಹೇಳಿರಿ. ಆ ತಾಡಪತ್ರಿಯ ಕೆಳಗೆ ಹನ್ನೆರಡು ಮನೆಯವರ ಮನಸ್ಸು, ದುಡ್ಡು, ಜೀವ ಮೂರೂ ಇದ್ದವು.

ಕಾಲುವೆ ಮತ್ತು ದೋಣಿ

ನಮ್ಮಲ್ಲಿ ಕಾಲುವೆ ಎಂದರೆ ಹೊಲಕ್ಕೆ ನೀರು ಹಾಯಿಸುವುದು. ಇಂಗ್ಲೆಂಡಿನಲ್ಲಿ ಕಾಲುವೆ ಎಂದರೆ ದಾರಿ. ರೈಲು ಇಲ್ಲದ ಕಾಲದಲ್ಲಿ, ಕೆಸರಿನ ರಸ್ತೆಯ ಮೇಲೆ ಹೊರೆಕುದುರೆಯೊಂದು ಒಂದು ಕ್ವಿಂಟಾಲಿನ ಮೇಲೆ ಚಿಲ್ಲರೆ ತೂಕ ಹೊರುವಷ್ಟರಲ್ಲಿ ಸುಸ್ತಾಗುತ್ತಿತ್ತು. ಅದೇ ಕುದುರೆಗೆ ನೀರಿನ ಮೇಲೆ ತೇಲುವ ದೋಣಿಯ ಹಗ್ಗ ಕಟ್ಟಿದರೆ ಇಪ್ಪತ್ತೈದು ಮೂವತ್ತು ಟನ್ನು ಎಳೆಯುತ್ತಿತ್ತು. ಈ ಲೆಕ್ಕ ಹಿಡಿದೇ ಬ್ರಿಡ್ಜ್‌ವಾಟರ್ ಎಂಬ ಡ್ಯೂಕನು ತನ್ನ ಕಲ್ಲಿದ್ದಲ ಗಣಿಯಿಂದ ಮ್ಯಾಂಚೆಸ್ಟರಿನ ಕಡೆಗೆ ಕಾಲುವೆ ತೋಡಿಸಿದನು. 1761ರಲ್ಲಿ ಅದರ ಮೇಲೆ ದೋಣಿ ಓಡಾಡತೊಡಗಿತು, ಮ್ಯಾಂಚೆಸ್ಟರಿನಲ್ಲಿ ಕಲ್ಲಿದ್ದಲ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅದರ ಕೆಲಸ ನೋಡಿದ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರು ಮುಂದೆ ಇನ್ನೂ ಹಲವು ಕಾಲುವೆಗಳನ್ನು ಯೋಜಿಸಿದನು.

ಗುಡ್ಡ ಹತ್ತಿ ಇಳಿಯಲು ಕಾಲುವೆಗೆ ಮೆಟ್ಟಿಲು ಬೇಕು. ಆ ಮೆಟ್ಟಿಲಿಗೆ ಲಾಕ್ ಎನ್ನುತ್ತಾರೆ. ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ ಎಂದು ತಿಳಿಯಿರಿ. ದೋಣಿಯನ್ನು ಒಳಗೆ ಬಿಟ್ಟು, ಬಾಗಿಲು ಹಾಕಿ, ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ; ನೀರು ಬಿಟ್ಟರೆ ಕೆಳಗಿಳಿಯುತ್ತದೆ. ಖರ್ಚು ಉಳಿಸಲು ಬಹಳ ಕಡೆ ಈ ಲಾಕುಗಳನ್ನು ಏಳು ಅಡಿ ಅಗಲಕ್ಕೆ ಮಾತ್ರ ಕಟ್ಟಿದರು. ಹಾಗಾಗಿ ದೋಣಿಯೂ ಏಳು ಅಡಿಗಿಂತ ಒಂದೆರಡು ಅಂಗುಲ ಕಡಿಮೆ ಅಗಲ, ಉದ್ದ ಮಾತ್ರ ಎಪ್ಪತ್ತು ಅಡಿಯವರೆಗೆ. ದೂರದಿಂದ ನೋಡಿದರೆ ಪೆನ್ಸಿಲಿನ ಹಾಗೆ ಕಾಣುತ್ತದೆ. ಅದಕ್ಕೇ ಅದರ ಹೆಸರು ನ್ಯಾರೋಬೋಟ್, ಅಂದರೆ ಇಕ್ಕಟ್ಟಿನ ದೋಣಿ.

ರೈಲು ಬಂತು, ಲಾರಿ ಬಂತು, ಕಾಲುವೆಯ ಸಾಗಾಟ ಸೊರಗಿತು. 1962-63ರ ಚಳಿಗಾಲದಲ್ಲಿ ಕಾಲುವೆಗಳು ವಾರಗಟ್ಟಲೆ ಹೆಪ್ಪುಗಟ್ಟಿ ನಿಂತ ಮೇಲಂತೂ ಸರಕು ಸಾಗಿಸುವ ಕಸುಬು ಬಹುಮಟ್ಟಿಗೆ ಮುಗಿಯಿತು. ಆದರೆ ಕಾಲುವೆಗಳನ್ನು ಪ್ರೀತಿಸುವವರು 1946ರಲ್ಲೇ ಒಂದು ಸಂಘ ಕಟ್ಟಿಕೊಂಡಿದ್ದರು. ಹೂಳು ತೆಗೆದರು, ಬಾಗಿಲು ರಿಪೇರಿ ಮಾಡಿದರು, ಸರ್ಕಾರದ ಬೆನ್ನು ಹತ್ತಿದರು. ಇವತ್ತು ಸುಮಾರು ಎರಡು ಸಾವಿರ ಮೈಲಿ ಜಲಮಾರ್ಗವನ್ನು 2012ರಿಂದ ಒಂದು ಧರ್ಮದರ್ಶಿ ಸಂಸ್ಥೆ ನೋಡಿಕೊಳ್ಳುತ್ತಿದೆ. ಮೂವತ್ತು ಸಾವಿರಕ್ಕೂ ಹೆಚ್ಚು ದೋಣಿಗಳು ಲೈಸೆನ್ಸು ಪಡೆದಿವೆ. ಕೆಲವರು ಅದರಲ್ಲೇ ಸಂಸಾರ ಮಾಡುತ್ತಾರೆ, ಉಳಿದವರು ರಜೆಯಲ್ಲಿ ತಿರುಗುತ್ತಾರೆ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ. ದಂಡೆಯ ಮೇಲೆ ನಡೆಯುವವನು ದೋಣಿಯವನ ಜೊತೆ ಮಾತಾಡುತ್ತಲೇ ಹೋಗಬಹುದು.

ನಡೆಸುವವನ ನೆತ್ತಿಗೆ ಸೂರಿಲ್ಲ

ಈ ದೋಣಿಯನ್ನು ನಡೆಸುವವನು ನಿಲ್ಲುವುದು ಮುಂದೆ ಅಲ್ಲ, ಹಿಂದೆ. ಚುಕ್ಕಾಣಿ ಹಿಂಬದಿಗೆ ಇರುತ್ತದೆ. ಅದರ ಹಿಡಿಯನ್ನು ಕೈಯಲ್ಲಿ ಹಿಡಿದು, ಮುಂದೆ ಐವತ್ತು ಅರವತ್ತು ಅಡಿ ಉದ್ದದ ಛಾವಣಿಯ ಮೇಲೆ ಕಣ್ಣು ಹಾಯಿಸಿ ದಾರಿ ನೋಡಬೇಕು. ಹಳೇ ಕಾಲದಲ್ಲಿ ಕಲ್ಲಿದ್ದಲು, ಧಾನ್ಯ, ಪಿಂಗಾಣಿ ಸಾಮಾನು ಹೊತ್ತ ದೋಣಿಗಳಲ್ಲಿ ಸರಕಿಗೆ ದಪ್ಪ ಮೇಣಗಪ್ಪಡದ ಹೊದಿಕೆ ಇತ್ತು. ಪಕ್ಕಕ್ಕೆ ಒಂದು, ಮೇಲಕ್ಕೆ ಒಂದು, ಎಲ್ಲವನ್ನೂ ಹಗ್ಗ ಹಾಕಿ ಬಿಗಿಯುತ್ತಿದ್ದರು. ಅಂದರೆ ಜೋಳ ನೆನೆಯುವಂತಿಲ್ಲ, ಕಪ್ಪು-ಬಸಿ ನೆನೆಯುವಂತಿಲ್ಲ; ಮನುಷ್ಯ ನೆನೆದರೆ ನಡೆಯುತ್ತದೆ! ಹಿಂದೆ ಹತ್ತು ಅಡಿಯೊಳಗಿನ ಒಂದು ಕೋಣೆ. ಗಂಡ, ಹೆಂಡತಿ, ಮಕ್ಕಳು ಅದರಲ್ಲೇ ಅಡಿಗೆ, ಅದರಲ್ಲೇ ನಿದ್ದೆ. ಆ ಸಂಸಾರಗಳ ದುಃಸ್ಥಿತಿ ನೋಡಲಾರದೆ ಪಾರ್ಲಿಮೆಂಟು 1877ರಲ್ಲಿ ಮತ್ತು 1884ರಲ್ಲಿ ಕಾಯ್ದೆ ಮಾಡಬೇಕಾಯಿತು. ಆದರೂ ಚುಕ್ಕಾಣಿ ಹಿಡಿದವನ ನೆತ್ತಿಯ ಮೇಲೆ ಸೂರು ಬರಲಿಲ್ಲ.

ಇದಕ್ಕೆ ಕಾರಣ ಜಿಪುಣತನ ಒಂದೇ ಅಲ್ಲ. ಕಾಲುವೆಯ ಸೇತುವೆಗಳು ಬಹಳ ತಗ್ಗು. ಕಮಾನಿನ ಸೇತುವೆಯಾದ್ದರಿಂದ ಪಕ್ಕಕ್ಕೆ ಇನ್ನೂ ತಗ್ಗು. ನೆತ್ತಿಯ ಮೇಲೆ ಸ್ಥಿರವಾದ ಛಾವಣಿ ಇದ್ದರೆ ಮೊದಲನೆಯ ಸೇತುವೆಗೇ ಕಿತ್ತು ಹೋಗುತ್ತದೆ. ಲಾಕಿನಲ್ಲಿ ಇಳಿಯುವಾಗ ಹಿಂದಿನ ಬಾಗಿಲ ಹತ್ತಿರ ನೀರಿನೊಳಗೆ ಒಂದು ಕಲ್ಲಿನ ಹೊಸ್ತಿಲು ಇರುತ್ತದೆ. ದೋಣಿಯ ಹಿಂಬದಿ ಅದರ ಮೇಲೆ ಕೂತರೆ, ನೀರು ಇಳಿದ ಹಾಗೆ ಮುಂಭಾಗ ತಗ್ಗಿ ದೋಣಿಯೇ ಮುಳುಗುತ್ತದೆ. ಆದ್ದರಿಂದ ನಡೆಸುವವನು ಹಿಂದೆ ತಿರುಗಿ ನೋಡುತ್ತಲೇ ಇರಬೇಕು, ಬೇಕಾದಾಗ ದಂಡೆಗೆ ಹಾರಬೇಕು. ಹೊದಿಕೆ ಎಂದರೆ ಕಣ್ಣಿಗೂ ಕಾಲಿಗೂ ಅಡ್ಡಿ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಹನ್ನೆರಡು ಪಾಲು, ನಲವತ್ತೆಂಟು ವಾರ

ಇನ್ನು ನಮ್ಮ ದೋಣಿಗೆ ಬರೋಣ. ಒಬ್ಬರೇ ದೋಣಿ ಕೊಂಡು ಸಾಕುವುದು ಸಾಮಾನ್ಯರಿಗೆ ಭಾರ. ಲೈಸೆನ್ಸು, ವಿಮೆ, ಕಟ್ಟಿಹಾಕುವ ಜಾಗದ ಬಾಡಿಗೆ, ಎರಡು ಮೂರು ವರ್ಷಕ್ಕೊಮ್ಮೆ ನೀರಿನಿಂದ ಮೇಲೆತ್ತಿ ತಳಕ್ಕೆ ಕಪ್ಪು ಬಣ್ಣ ಬಳಿಯುವುದು, ಹೀಗೆ ಒಂದಲ್ಲ ಒಂದು ಖರ್ಚು. ಅದಕ್ಕೇ ಅಲ್ಲಿ ಪಾಲಿನ ದೋಣಿ ಎಂಬ ಪದ್ಧತಿ ಇದೆ. ನಮ್ಮದು ಹನ್ನೆರಡು ಪಾಲು, ಮನೆಗೊಂದು. ವರ್ಷದ 52 ವಾರಗಳಲ್ಲಿ ನಾಲ್ಕು ವಾರ ರಿಪೇರಿಗೆ; ಉಳಿದ 48 ವಾರ ಮನೆಗೆ ನಾಲ್ಕರಂತೆ ಹಂಚಿಕೆ. ವರ್ಷಕ್ಕೊಂದು ಸರ್ವಸಾಧಾರಣ ಸಭೆ, ಒಬ್ಬ ಖಜಾಂಚಿ, ಒಂದು ರಿಪೇರಿ ನಿಧಿ. ಮನೆಗೆ ಒಂದು ವೋಟು. ನೋಡ್ರಿ, ನಮ್ಮ ಸಂಘದ ಕತೆಯೇ ಅಲ್ಲವೇ!

ತಕರಾರು ಬಂದದ್ದು ವಾರಗಳ ಹಂಚಿಕೆಯಲ್ಲಿ. ಶಾಲೆಯ ಮಕ್ಕಳಿರುವ ಮನೆಯವರಿಗೆ ಜುಲೈ, ಆಗಸ್ಟ್ ಬೇಕು. ಅವರು ಕೇಳುತ್ತಾ ಬಂದರು, ಉಳಿದವರು ಕೊಡುತ್ತಾ ಬಂದರು. ನಿವೃತ್ತರಾದ ಎರಡು ಮೂರು ಮನೆಯವರ ಪಾಲಿಗೆ ಮಾರ್ಚ್, ಅಕ್ಟೋಬರ್, ನವೆಂಬರ್ ಉಳಿದವು. ಆ ದೇಶದ ಮಳೆ ನಮ್ಮ ಮುಂಗಾರಿನ ಹಾಗೆ ಸುರಿದು ಹೋಗುವುದಿಲ್ಲ. ಜಿಟಿಜಿಟಿ ಎಂದು ದಿನವಿಡೀ ಹಿಡಿಯುತ್ತದೆ, ಜೊತೆಗೆ ಎಲುಬು ಕೊರೆಯುವ ಗಾಳಿ. ಎಪ್ಪತ್ತು ದಾಟಿದವರು ಅದರಲ್ಲಿ ಆರು ಗಂಟೆ ನಿಂತು, ಸಂಜೆಗೆ ಒದ್ದೆ ಬಟ್ಟೆ ಒಣಗಿಸಲು ಜಾಗವಿಲ್ಲದೆ, ಇಕ್ಕಟ್ಟಿನ ಕೋಣೆಯಲ್ಲಿ ಅದರ ಉಗಿಯನ್ನೇ ಉಸಿರಾಡುತ್ತಾ ಮಲಗಬೇಕು.

ಅದಕ್ಕಿಂತ ದೊಡ್ಡ ಚಿಂತೆ ದೋಣಿಯದು. ನಮ್ಮ ದೋಣಿಯ ಹಿಂಬದಿ ಅಗಲವಾದ ತೆರೆದ ಕಟ್ಟೆಯ ಹಾಗೆ. ನಾಲ್ಕಾರು ಜನ ನಿಂತು ಹರಟೆ ಹೊಡೆಯಬಹುದು. ಆದರೆ ಆ ಕಟ್ಟೆಯ ಹಲಗೆಗಳ ಕೆಳಗೇ ಡೀಸೆಲ್ ಎಂಜಿನು, ಬ್ಯಾಟರಿ ಎಲ್ಲವೂ. ಹಲಗೆಗಳ ಸುತ್ತ ನೀರು ಹರಿದು ಹೊರಹೋಗಲು ಸಣ್ಣ ಕಾಲುವೆ ಇದೆ. ಎಲೆ, ಕೆಸರು ಕಟ್ಟಿಕೊಂಡರೆ ನೀರು ಉಕ್ಕಿ ಒಳಗೆ ಇಳಿಯುತ್ತದೆ. ಒಳಗೆ ಇಳಿದ ನೀರನ್ನು ಹೊರಹಾಕಲು ತಾನೇ ಚಾಲೂ ಆಗುವ ಪಂಪು ಇದೆ. ಆ ಪಂಪು ಬ್ಯಾಟರಿಯ ಮೇಲೆ ನಡೆಯುತ್ತದೆ. ಚಳಿಗಾಲದಲ್ಲಿ ಯಾರೂ ಇಲ್ಲದ ವಾರಗಳಲ್ಲಿ ಮಳೆ ಬಿದ್ದಷ್ಟೂ ಪಂಪು ಓಡುತ್ತದೆ, ಪಂಪು ಓಡಿದಷ್ಟೂ ಬ್ಯಾಟರಿ ಇಳಿಯುತ್ತದೆ, ಬ್ಯಾಟರಿ ಸತ್ತ ದಿನ ಪಂಪು ನಿಲ್ಲುತ್ತದೆ. ಆಮೇಲೆ ಬೀಳುವ ಮಳೆ ಎಲ್ಲಾ ಒಳಗೇ. ಕಟ್ಟಿಹಾಕಿದ ಜಾಗದಲ್ಲೇ ದೋಣಿ ಮುಳುಗುವುದು ಹೀಗೆ. ಹೊರಗಿನ ಕಾಲುವೆಯ ನೀರಿಗಿಂತ ಮೇಲಿನಿಂದ ಬೀಳುವ ಮಳೆಯದೇ ಹೆಚ್ಚು ಭಯ.

ಸಭೆಯಲ್ಲಿ ನಡೆದದ್ದು

ಹಿಂಬದಿಗೆ ಮಡಚುವ ಹೊದಿಕೆ ಹಾಕಿಸಬೇಕೆಂಬ ಸೂಚನೆ ಸರ್ವಸಾಧಾರಣ ಸಭೆಗೆ ಬಂತು. ಅಂದಾಜು ಮೂರು ಸಾವಿರ ಪೌಂಡು. ಪೌಂಡಿಗೆ ನೂರು ರೂಪಾಯಿ ಹಿಡಿದರೂ ಮೂರು ಲಕ್ಷ ಆಯಿತು. ಮನೆಗೆ 250 ಪೌಂಡು.

ಇಂಗ್ಲಿಷಿನಲ್ಲಿ ನಡೆದ ಮಾತುಗಳನ್ನು ನಮ್ಮ ಮಾತಿನಲ್ಲೇ ಹೇಳುತ್ತೇವೆ. ಬೇಸಿಗೆ ಪಾಲಿನವರು ಹೇಳಿದರು: "ನಮಗ್ಯಾಕ್ರೀ ಹೊದಿಕೆ? ನಾವು ಹೋಗೋದೇ ಬಿಸಿಲಿನ್ಯಾಗ. ಬೇಕಾದವರು ಹಾಕಿಸಿಕೊಳ್ಳಲಿ." ಚಳಿಗಾಲದವರು ಹೇಳಿದರು: "ಬಿಸಿಲಿನ ವಾರ ಬಿಟ್ಟುಕೊಟ್ಟವರು ನಾವು. ಬಿಟ್ಟುಕೊಟ್ಟದ್ದಕ್ಕೆ ಇದೇ ಏನು ಬೆಲೆ?" ಹಳೇ ದೋಣಿಗಳ ಅಭಿಮಾನಿಯೊಬ್ಬರು ಎದ್ದು, ಇನ್ನೂರು ವರ್ಷ ದೋಣಿಯವರು ಮಳೆಯಲ್ಲೇ ನಿಂತಿದ್ದಾರೆ, ಇದನ್ನು ಹಾಕಿದರೆ ದೋಣಿ ಕೂಸಿನ ತಳ್ಳುಗಾಡಿಯ ಹಾಗೆ ಕಾಣುತ್ತದೆ ಎಂದರು. ಅವರ ಮಾತಿನಲ್ಲಿ ಸುಳ್ಳಿಲ್ಲ; ಆ ಹೊದಿಕೆಗೆ ಅಲ್ಲಿ ಇರುವ ಹೆಸರೇ ಕೂಸಿನ ಗಾಡಿಯ ಮುಚ್ಚಿಗೆ ಎಂದು! ಮತ್ತೊಬ್ಬರು, ಬಣ್ಣ ಬಳಿಸಲು ಕೂಡಿಸಿಟ್ಟ ದುಡ್ಡಿಗೆ ಕೈಹಾಕಬಾರದು ಎಂದರು. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಒಬ್ಬರು ಎಲ್ಲರಿಗಿಂತ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ಹೊದಿಕೆ ಮುಚ್ಚಿಕೊಂಡು ಯಾರಾದರೂ ಎಂಜಿನು ಚಾಲೂ ಮಾಡಿದರೆ ಹೊಗೆ ಎಲ್ಲಿ ಹೋಗುತ್ತದೆ?" ಸಭೆ ಸುಮ್ಮನಾಯಿತು.

ಆ ದಿನ ನಿರ್ಣಯ ಆಗಲಿಲ್ಲ. ಎರಡು ಮನೆಯವರು ತಮ್ಮ ಪಾಲು ಮಾರಿ ಹೋಗುತ್ತೇವೆ ಎನ್ನುವ ತನಕ ಮಾತು ಬೆಳೆದಿತ್ತು. ಮೂವರ ಉಪಸಮಿತಿ ಮಾಡಿ, ಮೂರು ಕಡೆ ದರಪಟ್ಟಿ ತರಿಸಿ, ಆರು ವಾರದ ಮೇಲೆ ವಿಶೇಷ ಸಭೆ ಕರೆದರು. ಉಪಸಮಿತಿಯವರು ದರದ ಜೊತೆಗೆ ಒಂದು ಪ್ರಶ್ನೆಯನ್ನೂ ಸಭೆಯ ಮುಂದೆ ಇಟ್ಟರು. ವಾರಗಳನ್ನು ಕೇಳಿದವರಿಗೆ ಕೊಡುವ ಬದಲು ಪಾಳಿಯ ಮೇಲೆ ಕೊಟ್ಟರೆ ಹೇಗೆ? ಈ ವರ್ಷ ಆಗಸ್ಟ್ ಸಿಕ್ಕವರಿಗೆ ಮುಂದಿನ ವರ್ಷ ಮಾರ್ಚ್. ಆಗ ಹೊದಿಕೆ ಯಾರಿಗೆ ಬೇಕು, ಯಾರಿಗೆ ಬೇಡ?

ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಲುವೆಯ ನೀರಿನ ಪಾಳಿಯಲ್ಲಿ ರಾತ್ರಿ ಪಾಳಿ ಒಬ್ಬನಿಗೇ ಗಂಟು ಬಿದ್ದರೆ ಅವನ ಕಷ್ಟ ಹಗಲು ಪಾಳಿಯವನಿಗೆ ಕಾಣುವುದಿಲ್ಲ. ಪಾಳಿ ತಿರುಗಿದರೆ ಎಲ್ಲರಿಗೂ ಬ್ಯಾಟರಿ ಬೇಕು, ಎಲ್ಲರಿಗೂ ಹಾವಿನ ಹೆದರಿಕೆ.

ವೋಟಿಗೆ ಹಾಕಿದಾಗ ಎಂಟು ಮನೆ ಹೊದಿಕೆಯ ಪರ, ನಾಲ್ಕು ಮನೆ ವಿರುದ್ಧ. ಆದರೆ ಎಂಟು ಜನ ಗೆದ್ದೆವೆಂದು ಎದ್ದು ಹೋಗಲಿಲ್ಲ. ನಾಲ್ವರ ಆಕ್ಷೇಪಣೆಗಳನ್ನು ಒಂದೊಂದಾಗಿ ಬರೆದುಕೊಂಡರು. ದುಡ್ಡಿಗೆ ಹೆದರಿದವರ ಮಾತಿನಂತೆ, ಬಣ್ಣದ ನಿಧಿಯಿಂದ ತೆಗೆದದ್ದನ್ನು ಎರಡು ವರ್ಷದಲ್ಲಿ ತುಂಬಿಸಬೇಕು ಎಂದಾಯಿತು. ಅಂದ ಕೆಡುತ್ತದೆ ಎಂದವರ ಮಾತಿನಂತೆ, ದೋಣಿ ನಡೆಯುವಾಗ ಹೊದಿಕೆ ಮಡಚಿಯೇ ಇರಬೇಕು ಎಂದಾಯಿತು. ಫೋರ್‌ಮನ್ನರ ಪ್ರಶ್ನೆಯಿಂದ ಎಲ್ಲಕ್ಕಿಂತ ಮುಖ್ಯವಾದ ನಿಯಮ ಹುಟ್ಟಿತು. ಸೋತ ನಾಲ್ವರ ಆಕ್ಷೇಪಣೆಗಳೇ ಗೆದ್ದ ಎಂಟು ಜನರಿಗೆ ನಿಯಮಗಳಾದವು. ಪಾಲು ಮಾರುತ್ತೇವೆ ಎಂದವರು ಯಾರೂ ಮಾರಲಿಲ್ಲ.

ಹೊದಿಕೆ ಮಾಡುವ ಬಗೆ

ಹೊಲಿಯುವವರು ದೋಣಿಯ ಹತ್ತಿರವೇ ಬಂದು ಅಳತೆ ತೆಗೆದರು. ಮೊದಲು ಚೌಕಟ್ಟು. ನಮ್ಮ ಕಮಾನು ಗಾಡಿಗೆ ಬಿದಿರು ಬಗ್ಗಿಸಿ ಕಟ್ಟುತ್ತಿದ್ದರಲ್ಲ, ಅದೇ ಮಾದರಿ. ಬಿದಿರಿನ ಬದಲು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆ. ಎರಡು ಮೂರು ಕಮಾನುಗಳು ಕೆಳಗೆ ಒಂದೇ ಕೀಲಿನ ಮೇಲೆ ತಿರುಗುತ್ತವೆ. ಎತ್ತಿ ನಿಲ್ಲಿಸಿದರೆ ಮನೆ, ಮಡಚಿದರೆ ಟಾಂಗಾದ ಹುಡ್ಡಿನ ಹಾಗೆ ಒಂದು ಕಡೆ ಒರಗುತ್ತದೆ. ಮಡಚಿದಾಗ ಅದರ ಎತ್ತರ ಛಾವಣಿಯ ಮಟ್ಟಕ್ಕಿಂತ ಮೇಲೆ ಬಾರದಂತೆ ನೋಡಿಕೊಂಡರು, ಸೇತುವೆಯ ಸಲುವಾಗಿ. ಚುಕ್ಕಾಣಿಯ ಹಿಡಿಯನ್ನು ಕಳಚಿ ಒಳಗಿಡುವ ಸೌಕರ್ಯ ಇದ್ದುದರಿಂದ ಬಟ್ಟೆಗೆ ತೂತು ಮಾಡುವ ಪ್ರಸಂಗ ಬರಲಿಲ್ಲ.

ಬಟ್ಟೆಯ ವಿಷಯದಲ್ಲಿ ಎರಡು ದಾರಿ. ಒಂದು, ಪ್ಲಾಸ್ಟಿಕ್ ಲೇಪದ ಪಾಲಿಯೆಸ್ಟರು, ಲಾರಿಯ ತಾಡಪತ್ರಿಯ ಜಾತಿ. ನೀರು ಒಂದು ಹನಿಯೂ ಇಳಿಯುವುದಿಲ್ಲ, ತೊಳೆಯುವುದು ಸುಲಭ. ಆದರೆ ಒಳಗಿನ ಉಸಿರು, ಉಗಿ ಹೊರಗೆ ಹೋಗದೆ ಒಳಮೈಯಲ್ಲಿ ಬೆವರುತ್ತದೆ. ಇನ್ನೊಂದು, ಬಣ್ಣವನ್ನು ನೂಲಿನಲ್ಲೇ ಸೇರಿಸಿ ನೇಯ್ದ ಅಕ್ರಿಲಿಕ್ ಕ್ಯಾನ್ವಾಸು. ಇದು ಸ್ವಲ್ಪ ಉಸಿರಾಡುತ್ತದೆ, ಬಿಸಿಲಿಗೆ ಬೇಗ ಬಣ್ಣ ಬಿಡುವುದಿಲ್ಲ. ಆದರೆ ಕೆಲವು ವರ್ಷಕ್ಕೊಮ್ಮೆ ನೀರು ತಡೆಯುವ ದ್ರಾವಣ ಮತ್ತೆ ಬಳಿಯಬೇಕು. ಜನ ಕೂತು ಚಹಾ ಕುಡಿಯುವ ಜಾಗವಾದ್ದರಿಂದ ನಾವು ಎರಡನೆಯದನ್ನು ಆರಿಸಿದೆವು. ಸರಕು ಮುಚ್ಚುವುದಷ್ಟೇ ಕೆಲಸವಾಗಿದ್ದರೆ ಮೊದಲನೆಯದೇ ಒಳ್ಳೆಯದು.

ಹೊದಿಕೆ ಹಾಳಾಗುವುದು ಬಟ್ಟೆಯಿಂದಲ್ಲ, ಹೊಲಿಗೆಯಿಂದ. ಬಿಸಿಲು ಮೊದಲು ತಿನ್ನುವುದು ದಾರವನ್ನು. ಆದ್ದರಿಂದ ಬಿಸಿಲು ತಾಳುವ ದಾರವನ್ನೇ ಕೇಳಿ ಹಾಕಿಸಬೇಕು. ಜಿಪ್ಪು ಕಬ್ಬಿಣದ್ದಲ್ಲ, ಪ್ಲಾಸ್ಟಿಕ್ ಹಲ್ಲಿನದು. ಅದರ ಮೇಲೆ ನೀರು ನಿಲ್ಲದಂತೆ ಒಂದು ಪಟ್ಟಿ. ಕೆಳ ಅಂಚಿಗೆ ಟಿಚ್ ಬಟನ್ನು, ತಿರುಗಿಸುವ ಗುಂಡಿ. ಕೆಳ ಅಂಚು ನೀರಿನ ಸಣ್ಣ ಕಾಲುವೆಯ ಹೊರಗೆ ಬೀಳಬೇಕು. ಒಳಗೆ ಬಿದ್ದರೆ ಅಷ್ಟೂ ನೀರು ಎಂಜಿನಿನ ಮೇಲೇ. ಮೇಲ್ಭಾಗ ಇಳಿಜಾರಾಗಿ, ಬಿಗಿಯಾಗಿ ಇರಬೇಕು. ಜೋಲು ಬಿದ್ದಲ್ಲಿ ನೀರು ನಿಂತು, ನಿಂತ ನೀರಿನ ಭಾರಕ್ಕೆ ಇನ್ನೂ ಜೋಲು ಬೀಳುತ್ತದೆ. ಬಣವೆಗೆ ತಾಡಪತ್ರಿ ಹಾಕಿದವರಿಗೆಲ್ಲ ಇದು ಗೊತ್ತು.

ಕಿಟಕಿಗಳು ಪಾರದರ್ಶಕ ಪ್ಲಾಸ್ಟಿಕಿನವು. ಚಳಿಯಲ್ಲಿ ಇವನ್ನು ಮಡಚಬಾರದು, ಸೀಳುತ್ತವೆ. ಚಾಪೆ ಸುತ್ತಿದ ಹಾಗೆ ಸುತ್ತಬೇಕು. ಸಾಬೂನಿನ ತಿಳಿನೀರು ಬಿಟ್ಟು ಬೇರೆ ಯಾವ ಎಣ್ಣೆ, ಥಿನ್ನರ್ ತಾಗಿಸಬಾರದು, ಮಬ್ಬಾಗುತ್ತವೆ.

ಕಾಣದ ಕಂಟಕ

ಈಗ ಫೋರ್‌ಮನ್ನರ ಪ್ರಶ್ನೆಗೆ ಬರುತ್ತೇವೆ. ದಯವಿಟ್ಟು ಎಲ್ಲರೂ, ಮುಖ್ಯವಾಗಿ ಮನೆ ನಡೆಸುವ ತಾಯಂದಿರು ಲಕ್ಷ್ಯ ಕೊಡಬೇಕು. ಏನೇ ಉರಿದರೂ, ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಮಂಪರು. ಮಂಪರು ಬಂದವನು ಎದ್ದು ಬಾಗಿಲು ತೆಗೆಯಲಾರ.

2013ರಲ್ಲಿ ಇಂಗ್ಲೆಂಡಿನ ವಿಂಡರ್‌ಮಿಯರ್ ಸರೋವರದಲ್ಲಿ ಮೋಟಾರು ದೋಣಿಯೊಂದರಲ್ಲಿ ಮಲಗಿದ್ದ ತಾಯಿ, ಮಗಳು ಇಬ್ಬರೂ ತೀರಿಕೊಂಡರು. ದೋಣಿಯೊಳಗೆ ಇಟ್ಟಿದ್ದ ಪೆಟ್ರೋಲ್ ಜನರೇಟರಿನ ಹೊಗೆ ಕಾರಣವಾಗಿತ್ತು. 2016ರ ಜೂನ್ ತಿಂಗಳಲ್ಲಿ ನಾರ್ಫೋಕ್ ಪ್ರಾಂತದಲ್ಲಿ ಇನ್ನೊಂದು ದೋಣಿಯಲ್ಲಿ ಇಬ್ಬರು ಎಂಜಿನಿನ ಹೊಗೆಗೆ ಬಲಿಯಾದರು. ಆಮೇಲೆ 2019ರ ಏಪ್ರಿಲ್‌ನಿಂದ ಜನ ಮಲಗುವ ದೋಣಿಗಳಲ್ಲಿ ಈ ಅನಿಲ ಕಂಡರೆ ಕೂಗುವ ಅಲಾರಂ ಇರಲೇಬೇಕೆಂಬ ನಿಯಮ ಬಂತು. ನಾಲ್ಕು ವರ್ಷಕ್ಕೊಮ್ಮೆ ದೋಣಿಯ ಸುರಕ್ಷಾ ಪರೀಕ್ಷೆಯಲ್ಲಿ ಅದನ್ನೂ ನೋಡುತ್ತಾರೆ.

ಡೀಸೆಲ್ ಎಂಜಿನಿನ ಹೊಗೆಯಲ್ಲಿ ಈ ಅನಿಲ ಪೆಟ್ರೋಲಿಗಿಂತ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ಹೊದಿಕೆಯ ಮರೆಯಲ್ಲಿ ಗಾಳಿ ತಿರುಗಿ ಹೊಗೆ ಒಳಗೇ ಸುಳಿಯುತ್ತದೆ, ಅಲ್ಲಿಂದ ತೆರೆದ ಬಾಗಿಲಿನ ಮೂಲಕ ಮಲಗುವ ಕೋಣೆಗೆ ಇಳಿಯುತ್ತದೆ. ಆದ್ದರಿಂದ ನಮ್ಮ ಸಭೆ ಮಾಡಿದ ನಿಯಮವನ್ನು ಎಂಜಿನಿನ ಕೀಲಿಕೈ ತೂಗುವ ಮೊಳೆಯ ಪಕ್ಕದಲ್ಲೇ ಅಚ್ಚುಹಾಕಿ ಅಂಟಿಸಿದರು:

ಹೊದಿಕೆ ಮುಚ್ಚಿದ್ದಾಗ ಎಂಜಿನು ಚಾಲೂ ಮಾಡಬಾರದು, ಬ್ಯಾಟರಿ ತುಂಬಿಸುವುದಕ್ಕೂ ಸಹ.
ಜನರೇಟರು, ಗ್ಯಾಸಿನ ಒಲೆ, ಇದ್ದಲಿನ ಒಲೆ ಹೊದಿಕೆಯೊಳಗೆ ತರಬಾರದು, ಆರಿದ್ದರೂ ಸಹ.
ಗಾಳಿಗೆ ಬಿಟ್ಟ ಕಿಂಡಿಗಳನ್ನು ಚಳಿ ಎಂದು ಬಟ್ಟೆ ತುರುಕಿ ಮುಚ್ಚಬಾರದು.
ಅಲಾರಂ ಬಂದ ದಿನವೇ ಗುಂಡಿ ಒತ್ತಿ ಪರೀಕ್ಷೆ ಮಾಡಬೇಕು.
ದೋಣಿ ಬಿಚ್ಚುವ ಮೊದಲು ಹೊದಿಕೆ ಮಡಚಬೇಕು.

"ಆರಿದ್ದರೂ" ಎಂಬ ಮಾತು ಏಕೆಂದರೆ, ಆರಿತು ಎಂದು ಕಂಡ ಇದ್ದಲು ಒಳಗೆ ಇನ್ನೂ ಉರಿಯುತ್ತಿರುತ್ತದೆ. ಚಳಿಗಾಲದಲ್ಲಿ ಬಾಗಿಲು ಮುಚ್ಚಿ ಕೆಂಡದ ಅಗ್ಗಿಷ್ಟಿಕೆ ಪಕ್ಕದಲ್ಲಿಟ್ಟು ಮಲಗುವುದು, ಬಾಣಂತಿ ಕೋಣೆಗೆ ಕೆಂಡ ಇಟ್ಟು ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕುವುದು, ಕರೆಂಟು ಹೋದಾಗ ಅಂಗಡಿಯ ಷಟರ್ ಎಳೆದುಕೊಂಡು ಒಳಗೇ ಜನರೇಟರ್ ಹಚ್ಚುವುದು ಇವೆಲ್ಲವೂ ಇದೇ ಅಪಾಯ. ದೋಣಿ ನಮ್ಮೂರಲ್ಲಿ ಇಲ್ಲದಿರಬಹುದು, ಈ ಅನಿಲ ಎಲ್ಲಾ ಊರಲ್ಲೂ ಇದೆ. ನಮ್ಮ ಈ ಭಾಷಣದಲ್ಲಿ ಬೇರೆ ಏನು ಮರೆತರೂ ಚಿಂತೆಯಿಲ್ಲ, ಇದನ್ನು ಮಾತ್ರ ಮರೆಯಬಾರದೆಂದು ಕೈಮುಗಿದು ಕೇಳುತ್ತೇವೆ.

ಹೊದಿಕೆ ಹಾಕಿದ ಮೇಲೆ

ಮೊದಲ ಚಳಿಗಾಲ ಕಳೆದು ಮಾರ್ಚಿನಲ್ಲಿ ಹಲಗೆ ಎತ್ತಿ ನೋಡಿದಾಗ ಎಂಜಿನಿನ ತಳ ಒಣಗಿತ್ತು. ಹಿಂದಿನ ವರ್ಷಗಳಲ್ಲಿ ಅಲ್ಲಿ ಗೇಣುದ್ದ ಕಪ್ಪು ನೀರು ಇರುತ್ತಿತ್ತು. ಒದ್ದೆ ಕೋಟು, ಕೆಸರಿನ ಬೂಟು ಬಿಡಲು ಒಂದು ಪಡಸಾಲೆ ಸಿಕ್ಕಂತಾಯಿತು. ಒಳಗಿನ ಕೋಣೆ ಬೆಚ್ಚಗೆ ಉಳಿಯಿತು. ಪಾಳಿ ತಿರುಗಿ, ಬೇಸಿಗೆ ಪಾಲಿನವರೊಬ್ಬರು ಅಕ್ಟೋಬರಿನ ಮಳೆಯಲ್ಲಿ ಒಂದು ವಾರ ಕಳೆದು ಬಂದರು. ಮಕ್ಕಳು ಹೊದಿಕೆಯ ಕೆಳಗೆ ಕೂತು ಮಳೆ ನೋಡುತ್ತಾ ಇಸ್ಪೀಟು ಆಡಿದವು ಎಂದು ದೋಣಿಯ ದಿನಚರಿ ಪುಸ್ತಕದಲ್ಲಿ ಬರೆದಿದ್ದರು. ವಿರುದ್ಧ ವೋಟು ಹಾಕಿದ್ದ ನಾಲ್ಕು ಮನೆಗಳಲ್ಲಿ ಅವರದೂ ಒಂದು.

ಹಳೇ ದೋಣಿಗಳ ಅಭಿಮಾನಿ ಮಾತ್ರ ತಮ್ಮ ಪಾಳಿಯಲ್ಲಿ ಹೊದಿಕೆ ಎತ್ತುತ್ತಲೇ ಇರಲಿಲ್ಲ. ಅದಕ್ಕೂ ಯಾರ ಅಡ್ಡಿಯೂ ಇರಲಿಲ್ಲ. ದೋಣಿ ಬಿಟ್ಟು ಹೋಗುವ ದಿನ ಮಾತ್ರ ಹೊದಿಕೆ ಎತ್ತಿ ಗುಂಡಿ ಹಾಕಿ ಹೋಗಬೇಕು ಎಂಬ ನಿಯಮವನ್ನು ಅವರು ಎಂದೂ ತಪ್ಪಿಸಲಿಲ್ಲ.

ಚೆನ್ನಾಗಿ ನೋಡಿಕೊಂಡರೆ ಇಂಥ ಹೊದಿಕೆ ಹತ್ತು ವರ್ಷದ ಮಾತು. ಮೂರು ಸಾವಿರವನ್ನು ಹತ್ತರಿಂದ ಭಾಗಿಸಿದರೆ ವರ್ಷಕ್ಕೆ ಮುನ್ನೂರು, ಮನೆಗೆ ಇಪ್ಪತ್ತೈದು ಪೌಂಡು. ಖಜಾಂಚಿಯವರು ಮೊದಲ ವರ್ಷದಿಂದಲೇ ಇಪ್ಪತ್ತೈದನ್ನು ಸವಕಳಿ ಎಂದು ಬೇರೆ ಖಾತೆಗೆ ಹಾಕತೊಡಗಿದರು. ಹೊಸ ವಸ್ತು ಬಂದ ದಿನವೇ ಅದರ ಮುಪ್ಪಿನ ಲೆಕ್ಕವೂ ಶುರುವಾಗಬೇಕು. ಸಂಘದ ಗೋದಾಮಿನ ಪತ್ರಾಸಿಗೂ, ಸ್ಪ್ರೇಯರಿಗೂ, ಟ್ರ್ಯಾಕ್ಟರಿಗೂ ಇದೇ ಮಾತು ಅನ್ವಯಿಸುತ್ತದೆ.

ಅದೇ ಕಾಲುವೆಯ ದಂಡೆಯಲ್ಲಿ

ಕೊನೆಯದಾಗಿ ಒಂದು ಸಂಗತಿ. ಮ್ಯಾಂಚೆಸ್ಟರಿನಿಂದ ಪೆನೈನ್ ಬೆಟ್ಟಗಳನ್ನು ದಾಟುವ 32 ಮೈಲಿಯ ಕಾಲುವೆಯೊಂದು 1804ರಲ್ಲಿ ಪೂರ್ತಿಯಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಮುಚ್ಚಿಹೋಗಿ, 2002ರಲ್ಲಿ ಮತ್ತೆ ಪೂರ್ತಿ ಉದ್ದಕ್ಕೂ ದೋಣಿಗೆ ತೆರೆಯಿತು. ಅದರ ಹೆಸರು ರಾಚ್‌ಡೇಲ್ ಕಾಲುವೆ. ಹೌದು, ಅದೇ ರಾಚ್‌ಡೇಲ್. 1844ರ ಡಿಸೆಂಬರ್ 21ರಂದು ಟೋಡ್ ಲೇನ್ ಎಂಬ ಓಣಿಯಲ್ಲಿ ಬಡ ನೇಕಾರರು ಮತ್ತಿತರ ಕಸುಬಿನವರು ಕೂಡಿ ಅಂಗಡಿ ತೆರೆದ ಊರು. ಇಪ್ಪತ್ತೆಂಟು ಜನ, ತಲೆಗೆ ಒಂದು ಪೌಂಡು. ಅದನ್ನೂ ಒಮ್ಮೆಲೇ ಕೊಡಲಾಗದೆ ವಾರಕ್ಕೆ ಎರಡು ಮೂರು ಪೆನ್ನಿಯಂತೆ ಕೂಡಿಸಿದ್ದು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದ ಬತ್ತಿ ಇಷ್ಟೇ ಸರಕು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಒಬ್ಬರಿಗೆ ಒಂದೇ ವೋಟು, ಕೊಂಡಷ್ಟಕ್ಕೆ ತಕ್ಕ ಲಾಭಾಂಶ. ಆ ದೀಪದಿಂದ ಹಚ್ಚಿದ ದೀಪಗಳು ಲೋಕದ ತುಂಬ ಹಬ್ಬಿದವು. ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ.

ರಾಚ್‌ಡೇಲಿನ ಇಪ್ಪತ್ತೆಂಟು ಜನ ಹಸಿವೆಗಾಗಿ ಕೂಡಿದರು, ಕಣಗಿನಹಾಳದವರು ಸಾಲದ ಬಾಧೆಗಾಗಿ ಕೂಡಿದರು. ನಮ್ಮ ಹನ್ನೆರಡು ಮನೆಯವರು ಕೂಡಿದ್ದು ಬರೀ ವಿಹಾರಕ್ಕೆ. ಅವರ ಸಾಲಿಗೆ ನಮ್ಮನ್ನು ಸೇರಿಸುವ ಮಾತೇ ಇಲ್ಲ. ಆದರೆ ಕೂಡಿದ ಮೇಲೆ ಕೇಳಬೇಕಾದ ಪ್ರಶ್ನೆ ಒಂದೇ: ಕೆಟ್ಟ ಪಾಳಿ ಯಾರಿಗೆ ಬಿದ್ದಿದೆ? ಗೊಬ್ಬರದ ಚೀಟಿಗೆ ಕೊನೆಗೆ ನಿಲ್ಲುವವರು ಯಾರು? ಗೋದಾಮಿನ ಸೋರುವ ಮೂಲೆಯಲ್ಲಿ ಯಾರ ಚೀಲ ಇದೆ? ಸರ್ವಸಾಧಾರಣ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಮಾತಾಡದೆ ಎದ್ದು ಹೋಗುವ ಹೆಣ್ಣುಮಗಳು ಏನು ಕೇಳಬೇಕೆಂದು ಬಂದಿದ್ದಳು? ಮುಂದಿನ ಇಪ್ಪತ್ತೈದು ವರ್ಷ ನಮ್ಮ ಸಂಘ ಈ ಪ್ರಶ್ನೆಗಳನ್ನು ಕೇಳುತ್ತಾ ಹೋಗಲಿ.

ಸಂಘವು ಸುವರ್ಣ ಮಹೋತ್ಸವವನ್ನೂ ಇದೇ ಸಂಭ್ರಮದಿಂದ ಕಾಣಲೆಂದು ಹಾರೈಸಿ ನಮ್ಮ ಮಾತು ಮುಗಿಸುತ್ತೇವೆ.

ಜೈ ಸಹಕಾರ. ಜೈ ಕರ್ನಾಟಕ. ಜೈ ಹಿಂದ್.